ಮನೆ ಬಿಟ್ಟು ಹೋಗಲು ಎಷ್ಟು ಪೌಂಡು ಬೇಕು?

ಹೋದ ತಿಂಗಳು ಅಕ್ಕನ ಮಗಳು ಒಂದು ಹಳೇ ಪ್ರಶ್ನೆಪತ್ರಿಕೆಯ ಫೋಟೊ ಕಳಿಸಿದಳು. ಬಿಎ ಓದುತ್ತಿದ್ದಾಳೆ, ಇಂಗ್ಲಿಷ್ ತೆಗೆದುಕೊಂಡಿದ್ದಾಳೆ. ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: 20ನೇ ಶತಮಾನದ ಆರಂಭದ ಇಂಗ್ಲಿಷ್ ಕಾದಂಬರಿಗಳಲ್ಲಿ ಸಾಮಾಜಿಕ ಪರಿಸ್ಥಿತಿಯ ವಿರುದ್ಧ ವ್ಯಕ್ತಿಯ ಬಂಡಾಯವನ್ನು ವಿವರಿಸಿ. 15 ಅಂಕ. ಕೆಳಗೆ ಅವಳ ಮೆಸೇಜು. "ಮಾಮಾ, ಇವರು ಯಾರೂ ಬಂಡಾಯ ಮಾಡಿದ ಹಾಗೆ ಕಾಣ್ತಾ ಇಲ್ವಲ್ಲ. ಒಬ್ಬ ತನ್ನ ಅಂಗಡಿಗೆ ತಾನೇ ಬೆಂಕಿ ಇಡ್ತಾನೆ. ಒಬ್ಬಳು ಡಾನ್ಸ್ ಪಾರ್ಟಿಗೆ ಕಳಿಸಲಿಲ್ಲ ಅಂತ ಮನೆ ಬಿಡ್ತಾಳೆ. ಇದೂ ಬಂಡಾಯಾನಾ?"

ಸರಿಯಾಗಿಯೇ ಕೇಳಿದ್ದಾಳೆ. ಗೈಡ್ ಪುಸ್ತಕಗಳು ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನು ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ. ಇಂಗ್ಲಿಷ್ ಸಾಹಿತ್ಯ ಓದದವರಿಗೂ ಅರ್ಥವಾಗಲಿ ಅಂತ ಬುಡದಿಂದಲೇ ಶುರು ಮಾಡುತ್ತೇನೆ.

ಮೆರವಣಿಗೆ ಇಲ್ಲದ ಬಂಡಾಯ

ನಮಗೆ ಬಂಡಾಯ ಅಂದ ಕೂಡಲೇ ಜನ ನೆನಪಾಗುತ್ತಾರೆ. 1980ರ ನರಗುಂದ, ನವಲಗುಂದದ ರೈತರು. ಅದಕ್ಕೂ ಒಂದು ವರ್ಷ ಮೊದಲು ಶುರುವಾದ ಬಂಡಾಯ ಸಾಹಿತ್ಯ ಸಂಘಟನೆ. ಬೀದಿ, ಘೋಷಣೆ, ಬೇಡಿಕೆ ಪಟ್ಟಿ. ಆ ಚಿತ್ರ ತಲೆಯಲ್ಲಿಟ್ಟುಕೊಂಡು ಈ ಕಾದಂಬರಿಗಳನ್ನು ತೆರೆದರೆ ನಿರಾಸೆಯಾಗುತ್ತದೆ. ಇಲ್ಲಿರುವವರು ಒಬ್ಬ ಗುಮಾಸ್ತ, ಒಬ್ಬ ಬಟ್ಟೆ ಅಂಗಡಿಯವನು, ಒಬ್ಬ ವಕೀಲರ ಮಗಳು, ಒಬ್ಬ ಗಣಿ ಕೆಲಸಗಾರನ ಮಗ. ತಮ್ಮ ಪಾಲಿಗೆ ಬಂದ ಬದುಕಿಗೆ ಒಬ್ಬೊಬ್ಬರೇ "ಒಲ್ಲೆ" ಅನ್ನುತ್ತಾರೆ.

ಹಾಗಾದರೆ 'ಸಾಮಾಜಿಕ ಪರಿಸ್ಥಿತಿ' ಅಂದರೇನು? ರೈಲಿನ ರಿಸರ್ವೇಶನ್ ಚಾರ್ಟ್ ನೆನಪಿಸಿಕೊಳ್ಳಿ. ನೀವು ಸ್ಟೇಷನ್ನಿಗೆ ಬರುವ ಮೊದಲೇ ನಿಮ್ಮ ಬೋಗಿ, ನಿಮ್ಮ ಬರ್ತು ಗೊತ್ತುಮಾಡಿಟ್ಟಿರುತ್ತಾರೆ. ಅಪ್ಪನ ಕೆಲಸ, ಮನೆಯಿರುವ ಬೀದಿ, ಗಂಡೋ ಹೆಣ್ಣೋ, ಓದು, ಆಡುವ ಮಾತು, ಇವೆಲ್ಲ ಸೇರಿ ಆಗಿನ ಇಂಗ್ಲೆಂಡಿನಲ್ಲಿ ಒಬ್ಬರ ಬರ್ತು ಗೊತ್ತಾಗುತ್ತಿತ್ತು. ಅವರು ಇದಕ್ಕೆ ಕ್ಲಾಸ್ ಅನ್ನುತ್ತಾರೆ. ನಮ್ಮ ಜಾತಿಯ ಹಾಗೆ ಇದು ಹುಟ್ಟಿನಿಂದ ಅಂಟಿ ಬಿಡದೇ ಇರುವಂಥದ್ದಲ್ಲ. ಬರ್ತು ಬದಲಿಸಬಹುದು. ಆದರೆ ಟಿಟಿಇಗೆ ವ್ಯತ್ಯಾಸದ ದುಡ್ಡು ಕೊಡಬೇಕು.

ನನಗೆ ಈ ಕಾದಂಬರಿಗಳಲ್ಲಿ ಕುತೂಹಲ ಇರುವುದೇ ಆ ವ್ಯತ್ಯಾಸದ ದುಡ್ಡಿನ ಬಗ್ಗೆ. ಇವುಗಳಲ್ಲಿ ಯಾರು ಬಂಡಾಯ ಎದ್ದರೂ ಹತ್ತಿರದಲ್ಲೇ ಎಲ್ಲೋ ಒಂದು ಮೊತ್ತ ಬರೆದಿರುತ್ತದೆ. ಅದನ್ನು ಹಿಡಿದುಕೊಂಡು ಓದಿದರೆ ಕತೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಲೆಕ್ಕಕ್ಕೆ ಬೇಕಾದದ್ದು ಇಷ್ಟೇ: ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ಸ್. ಆ ಕಾಲದ ವಿನಿಮಯ ದರದಲ್ಲಿ ಒಂದು ಪೌಂಡಿಗೆ ನಮ್ಮ 15 ರೂಪಾಯಿ.

ಆಗಲೇ ಯಾಕೆ?

ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಮೊದಲನೇ ಮಹಾಯುದ್ಧ ಶುರುವಾದದ್ದು 1914ರಲ್ಲಿ. ನಾನು ಹೇಳುವ ಪುಸ್ತಕಗಳಲ್ಲಿ ಹೆಚ್ಚಿನವು ಈ ನಡುವೆ ಬರೆದಂಥವು. ಹಾಗಂತ ರಾಣಿ ಹೋದ ಮರುದಿನ ಜನ ಬದಲಾದರು ಅಂತಲ್ಲ. ಒಲೆಗೆ ಸೌದೆ ಮೊದಲೇ ಇಟ್ಟಾಗಿತ್ತು.

1870ರ ಶಿಕ್ಷಣ ಕಾಯ್ದೆಯಿಂದ ಊರೂರಿಗೆ ಶಾಲೆ ಬಂತು. 1880ರಲ್ಲಿ ಹಾಜರಿ ಕಡ್ಡಾಯವಾಯಿತು. 20 ವರ್ಷ ಕಳೆಯುವಷ್ಟರಲ್ಲಿ ಓದು ಬಲ್ಲ, ಆದರೆ ಕೈಯಲ್ಲಿ ಕಾಸಿಲ್ಲದ ಒಂದು ದೊಡ್ಡ ಪೀಳಿಗೆ ತಯಾರಾಗಿತ್ತು. ಗುಮಾಸ್ತರು, ಟೈಪಿಸ್ಟರು, ಶಾಲೆಯ ಮೇಡಂಗಳು. ಪುಸ್ತಕ ಓದಿ ಬೇರೆ ಬದುಕು ಇದೆ ಅಂತ ತಿಳಿದುಕೊಂಡವರು, ಬೆಳಿಗ್ಗೆ ಎದ್ದು ಅದೇ ಕೌಂಟರಿನ ಹಿಂದೆ ನಿಲ್ಲಬೇಕಾದವರು.

ಕಾನೂನೂ ಅರ್ಧ ಬಾಗಿಲು ತೆರೆದಿತ್ತು. 1882ರ ಕಾಯ್ದೆಯಿಂದ ಮದುವೆಯಾದ ಹೆಂಗಸು ತನ್ನ ಆಸ್ತಿಯನ್ನು ತನ್ನ ಹೆಸರಿನಲ್ಲೇ ಇಟ್ಟುಕೊಳ್ಳುವ ಹಾಗಾಯಿತು. ಆದರೆ ವಿಚ್ಛೇದನಕ್ಕೆ ಗಂಡನಿಗೊಂದು ನಿಯಮ, ಹೆಂಡತಿಗೊಂದು. ಹೆಂಡತಿ ದಾರಿ ತಪ್ಪಿದಳು ಅಂತ ಸಾಬೀತು ಮಾಡಿದರೆ ಗಂಡನಿಗೆ ಸಾಕಿತ್ತು. ಹೆಂಡತಿಯಾದರೆ ಅದರ ಜೊತೆಗೆ ಹಿಂಸೆಯನ್ನೋ, ಬಿಟ್ಟುಹೋದದ್ದನ್ನೋ ತೋರಿಸಬೇಕಿತ್ತು. ಇದು ಸಮವಾದದ್ದು 1923ರಲ್ಲಿ.

ಇನ್ನೊಂದು ಕಾರಣ ಪುಸ್ತಕದ ಬೆಲೆ. ತುಂಬಾ ಕಾಲ ಕಾದಂಬರಿ ಅಂದರೆ ಮೂರು ಸಂಪುಟ, ಬೆಲೆ 31 ಶಿಲಿಂಗ್ 6 ಪೆನ್ಸ್. ಯಾರು ಕೊಳ್ಳುತ್ತಾರೆ? ಜನ ಚಂದಾ ಕಟ್ಟಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ಓದುತ್ತಿದ್ದರು. ಮೂಡೀಸ್‌ನಂಥ ಲೈಬ್ರರಿಗಳು ಇಡದ ಪುಸ್ತಕ ಸತ್ತ ಹಾಗೆಯೇ. ಮನೆಮಗಳು ಓದಬಾರದ್ದು ಅನ್ನಿಸಿದರೆ ಅವರು ಇಡುತ್ತಿರಲಿಲ್ಲ. 1894ರ ಹೊತ್ತಿಗೆ ಆ ಮೂರು ಸಂಪುಟದ ಪದ್ಧತಿ ಕುಸಿಯಿತು. ಆರು ಶಿಲಿಂಗಿನ ಒಂದೇ ಸಂಪುಟದ ಕಾದಂಬರಿ ಬಂತು. ಲೈಬ್ರರಿಯ ಹಿಡಿತ ಪೂರ್ತಿ ಹೋಗಲಿಲ್ಲ, ಸಡಿಲವಾಯಿತು. ಹೊಸ ಓದುಗರ ಜೊತೆಗೆ ಹೊಸ ಥರದ ಲೇಖಕರೂ ಬಂದರು. ಅಂಗಡಿಯಲ್ಲಿ ದುಡಿದವರು, ಗಣಿ ಊರಿನಲ್ಲಿ ಹುಟ್ಟಿದವರು.

ಬಟ್ಟೆ ಅಂಗಡಿಯಿಂದ ನಡೆದುಬಂದ ಹುಡುಗ

ಎಚ್. ಜಿ. ವೆಲ್ಸ್ ಅಂದರೆ ನಮಗೆ ಕಾಲಯಂತ್ರ, ಮಂಗಳ ಗ್ರಹದವರ ದಾಳಿ. ಆದರೆ ಆತ 1881ರಿಂದ ಎರಡು ವರ್ಷ ಸೌತ್‌ಸೀ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟಿದ್ದ ಹುಡುಗ. ದಿನಕ್ಕೆ 13 ಗಂಟೆ ದುಡಿಮೆ. ಮಲಗುವುದು ಅಂಗಡಿಯವರೇ ಕೊಟ್ಟ ಸಾಲು ಮಂಚದ ಕೋಣೆಯಲ್ಲಿ, ಊಟವೂ ಅಲ್ಲೇ. ಇದಕ್ಕೆ 'ಲಿವಿಂಗ್ ಇನ್' ಅನ್ನುತ್ತಿದ್ದರು. ಕೆಲಸ ಹೋದರೆ ಊಟ, ಹಾಸಿಗೆ ಎರಡೂ ಅವತ್ತೇ ಹೋದವು. ಅಮ್ಮ ಸಸೆಕ್ಸಿನ ದೊಡ್ಡ ಬಂಗಲೆಯೊಂದರಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಒಂದು ಭಾನುವಾರ ಹುಡುಗ ತಿಂಡಿಯನ್ನೂ ತಿನ್ನದೆ 17 ಮೈಲಿ ನಡೆದು ಅವಳ ಹತ್ತಿರ ಹೋದ. ಇನ್ನು ಆ ಅಂಗಡಿಯಲ್ಲಿ ನನ್ನಿಂದಾಗುವುದಿಲ್ಲ ಅಂದ. ಅವನನ್ನು ಕಲಿಕೆಗೆ ಸೇರಿಸಲು ಅಮ್ಮ ದುಡ್ಡು ಕಟ್ಟಿದ್ದಳು. ಬಿಟ್ಟು ಬಂದರೆ ಅದು ಮುಳುಗಿದ ಹಾಗೆಯೇ. ಮೊದಲ ಬಂಡಾಯಕ್ಕೆ ದುಡ್ಡು ತೆತ್ತವಳು ಅಮ್ಮ.

ಆ 17 ಮೈಲಿ ಮುಂದೆ ಮೂರು ನಾಲ್ಕು ಕಾದಂಬರಿಗಳಾಯಿತು. ಅವುಗಳಲ್ಲಿ ನನಗಿಷ್ಟ 1910ರ 'ದಿ ಹಿಸ್ಟರಿ ಆಫ್ ಮಿಸ್ಟರ್ ಪಾಲಿ'. ಪುಸ್ತಕ ಶುರುವಾಗುವುದೇ ಅಜೀರ್ಣದಿಂದ. ಮೂವತ್ತು ದಾಟಿದ ಪಾಲಿ ಹೊಲದ ಬೇಲಿ ದಾಟುವ ಮೆಟ್ಟಿಲ ಮೇಲೆ ಕೂತಿದ್ದಾನೆ. ಹಂದಿಮಾಂಸ, ಉಪ್ಪಿನಕಾಯಿ ತಿಂದು ಹೊಟ್ಟೆ ಕೆಟ್ಟಿದೆ. ಮೂಡಣ ಗಾಳಿ ಬೀಸುತ್ತಿದೆ. ತಾನಿರುವ ಊರನ್ನು, ಬದುಕನ್ನು "ಬಿಲ! ಬಿಲ!" ಅಂತ ಬೈಯುತ್ತಿದ್ದಾನೆ. ವ್ಯವಸ್ಥೆ ತನ್ನನ್ನು ಹಿಂಡುತ್ತಿದೆ ಅಂತ ಅವನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಹೊಟ್ಟೆ ಉರಿ ಮಾತ್ರ.

ಪಾಲಿಗೆ ಓದುವ ಹುಚ್ಚು, ಆದರೆ ಶಾಲೆ ಅರೆಬರೆ. ದೊಡ್ಡ ಪದಗಳನ್ನು ಹೇಗೆ ಉಚ್ಚರಿಸಬೇಕು ಅಂತ ಗೊತ್ತಿಲ್ಲ. ತಪ್ಪು ಹೇಳಿ ನಗೆಪಾಟಲಾಗುವುದಕ್ಕಿಂತ ಬೇಕಂತಲೇ ತಿರುಚಿ ಹೇಳುವುದು ವಾಸಿ ಅಂತ ಅವನೇ ಪದ ಕಟ್ಟುತ್ತಾನೆ. 'ಸೆಸ್ಕ್ವಿಪಲ್ಡನ್ ವರ್ಬೂಜ್ಯೂಸ್' ಅನ್ನುತ್ತಾನೆ ಒಮ್ಮೆ. ಉದ್ದುದ್ದ ಮಾತಿನ ರಸ ಅಂತೇನೋ ಇರಬೇಕು. ಕೈಯಲ್ಲಿ ಬೇರೇನೂ ಇಲ್ಲದವನು ನುಡಿಯಲ್ಲೇ ನಡೆಸುವ ಪುಟ್ಟ ಬಂಡಾಯ ಇದು.

ಅಪ್ಪ ಸತ್ತಾಗ 300 ಚಿಲ್ಲರೆ ಪೌಂಡು ಕೈಗೆ ಬರುತ್ತದೆ. ಬಾಗಿಲು ತೆರೆಯಿತು ಅನ್ನಬೇಕು, ಅಲ್ವಾ? ಪಾಲಿ ಸೈಕಲ್ಲು ತುಳಿದು ಒಂದಷ್ಟು ದಿನ ಸುಖಪಡುತ್ತಾನೆ. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡುತ್ತಾನೆ. ಸಂಬಂಧದಲ್ಲೇ ಮಿರಿಯಂಳನ್ನು ಮದುವೆಯಾಗಿ ಫಿಶ್‌ಬೋರ್ನ್ ಅನ್ನುವ ಊರಿನಲ್ಲಿ ಅಂಗಡಿ ಹಾಕುತ್ತಾನೆ. 15 ವರ್ಷದಲ್ಲಿ ಅಂಗಡಿ ದಿವಾಳಿಯ ಅಂಚಿಗೆ ಬರುತ್ತದೆ. ದುಡ್ಡು ಬಂದರೂ ಹಳೇ ಬರ್ತನ್ನೇ ಮತ್ತೆ ಕೊಂಡ ಹಾಗಾಯಿತು.

ಕೊನೆಗೆ ಅವನು ಮಾಡುವ ಯೋಜನೆ ಪಕ್ಕಾ ವ್ಯಾಪಾರಿಯದು. ಭಾನುವಾರ ಸಂಜೆ ಊರೆಲ್ಲ ಚರ್ಚಿನಲ್ಲಿರುವಾಗ ಅಂಗಡಿಗೆ ಬೆಂಕಿ ಇಡುವುದು, ಕತ್ತು ಕೊಯ್ದುಕೊಳ್ಳುವುದು. ವಿಮೆ ದುಡ್ಡು ಹೆಂಡತಿಗೆ ಸಿಗುತ್ತದೆ. ಬೆಂಕಿ ಏನೋ ಹೊತ್ತಿತು. ಅಷ್ಟರಲ್ಲಿ ಪ್ಯಾಂಟಿಗೂ ಹೊತ್ತಿಕೊಂಡು, ಗಾಬರಿಯಲ್ಲಿ ಕತ್ತು ಕೊಯ್ದುಕೊಳ್ಳುವುದೇ ಮರೆತುಹೋಯಿತು. ಪಕ್ಕದ ಮನೆಯ ಮಹಡಿಯಲ್ಲಿ ಕಿವಿ ಕೇಳಿಸದ ಅಜ್ಜಿಯೊಬ್ಬಳಿದ್ದಾಳೆ ಅಂತ ನೆನಪಾಗಿ, ಅವಳನ್ನು ಸೂರಿನ ಮೇಲಿನಿಂದ ದಾಟಿಸಿ ಊರಿನ ಹೀರೋ ಆಗಿಬಿಡುತ್ತಾನೆ. ಸುಟ್ಟುಹೋದ ಅಕ್ಕಪಕ್ಕದ ಅಂಗಡಿಯವರ ಮುಖದಲ್ಲಿ ದುಃಖವೇ ಇಲ್ಲ. ಅವರಿಗೂ ವಿಮೆ ಇದೆ! ಇಡೀ ಬೀದಿಯೇ ಒಳಗೊಳಗೆ ಬಿಡುಗಡೆಗೆ ಕಾಯುತ್ತಿತ್ತು ಅಂತ ವೆಲ್ಸ್ ಒಂದು ನಗೆಯಲ್ಲಿ ಹೇಳಿ ಮುಗಿಸುತ್ತಾರೆ.

ಆ ಬೆಂಕಿಯ ಬೆಳಕಿನಲ್ಲಿ ಪಾಲಿಗೆ ಒಂದು ವಿಷಯ ಹೊಳೆಯುತ್ತದೆ. ಈ ಪ್ರಪಂಚ ಹಿಡಿಸದಿದ್ದರೆ ಬದಲಿಸಿಕೊಳ್ಳಬಹುದು. ವಿಮೆ ದುಡ್ಡಿನಲ್ಲಿ ಒಂದು ಚೂರು ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ಹೆಂಡತಿಗೆ ಬಿಟ್ಟು, ಹೇಳದೆ ಕೇಳದೆ ಹೊರಟೇ ಹೋಗುತ್ತಾನೆ. ಹೊಳೆದಂಡೆಯ ಒಂದು ಪಾನಗೃಹದಲ್ಲಿ ದೋಣಿ ದಾಟಿಸುವ, ಅಂಗಳ ಗುಡಿಸುವ ಕೆಲಸಕ್ಕೆ ಸೇರುತ್ತಾನೆ. ಬರ್ತು ಮೇಲಕ್ಕಲ್ಲ, ಕೆಳಕ್ಕೆ ಬದಲಾಯಿತು. ಆದರೆ ಅಜೀರ್ಣ ಹೋಯಿತು.

ಮಿರಿಯಂ ಕತೆ ಏನು? ಐದು ವರ್ಷ ಬಿಟ್ಟು ಪಾಲಿ ಕದ್ದು ನೋಡಲು ಬರುತ್ತಾನೆ. ಅವಳು ತಂಗಿಯ ಜೊತೆ ಚಹಾದಂಗಡಿ ಹಾಕಿ ನೆಮ್ಮದಿಯಾಗಿದ್ದಾಳೆ. ಗಂಡ ನೀರಿನಲ್ಲಿ ಮುಳುಗಿ ಸತ್ತ ಅಂತ ವಿಮೆ ಬೇರೆ ಬಂದಿದೆ. ಅವನನ್ನು ಕಂಡು ಅವಳಿಗೆ ಬರುವ ಭಯ, ಆ ದುಡ್ಡು ವಾಪಸ್ ಕೊಡಬೇಕಾಗುತ್ತಾ ಅನ್ನುವುದು.

40 ಪೌಂಡಿನ ಸಾಲ

ಅಕ್ಕನ ಮಗಳು ಕೇಳಿದ ಡಾನ್ಸ್ ಪಾರ್ಟಿಯ ಹುಡುಗಿ ವೆಲ್ಸ್‌ನದ್ದೇ ಇನ್ನೊಂದು ಕಾದಂಬರಿಯವಳು. 1909ರ 'ಆನ್ ವೆರೋನಿಕಾ'. ವಯಸ್ಸು 21. ಜೀವಶಾಸ್ತ್ರ ಓದುತ್ತಿದ್ದಾಳೆ. ಅಪ್ಪ ಲಂಡನ್ನಿನಲ್ಲಿ ವಕೀಲ. ವೇಷ ಹಾಕಿಕೊಂಡು ಹೋಗುವ ಒಂದು ನೃತ್ಯಕೂಟಕ್ಕೆ ಹೋಗಬೇಡ ಅನ್ನುತ್ತಾನೆ. ಸಣ್ಣ ವಿಷಯ, ನಿಜ. ಆದರೆ ನಮ್ಮ ಮನೆಗಳಲ್ಲೂ ದೊಡ್ಡ ಜಗಳ ಯಾವಾಗಲೂ ಟ್ರಿಪ್ಪು, ಮೊಬೈಲು, ತಡವಾಗಿ ಬಂದದ್ದು ಇಂಥದ್ದರಿಂದಲೇ ಶುರುವಾಗುತ್ತದೆ. ಪ್ರಶ್ನೆ ಪಾರ್ಟಿಯದ್ದಲ್ಲ. ನನ್ನ ದಿನವನ್ನು ಯಾರು ನಿರ್ಧರಿಸಬೇಕು ಅನ್ನುವುದು.

ಅವಳು ಲಂಡನ್ನಿಗೆ ಹೋಗಿ ರೂಮು ಹುಡುಕುತ್ತಾಳೆ. ಒಂಟಿ ಹುಡುಗಿ ಅಂದರೆ ಬಾಡಿಗೆ ಕೊಡುವವರಿಗೆ ಅನುಮಾನ. ಕೆಲಸ ಕೇಳಿದರೆ ಸಿಗುವುದು ಹೊಟ್ಟೆಗೂ ಸಾಲದ ಸಂಬಳ. ಆಗ ಅಪ್ಪನ ಪರಿಚಯದ ರಾಮೇಜ್ ಅನ್ನುವ ಗೃಹಸ್ಥ 40 ಪೌಂಡು, ಅಂದರೆ 600 ರೂಪಾಯಿ, ಸಾಲ ಕೊಡುತ್ತಾನೆ. ಅವಳ ಸ್ವಾತಂತ್ರ್ಯ ಆ ದುಡ್ಡಿನ ಮೇಲೆ ನಿಂತಿದೆ. ಸ್ವಲ್ಪ ದಿನಕ್ಕೇ ಅವನು ಹೋಟೆಲಿನ ಖಾಸಗಿ ಕೋಣೆಯ ಚಿಲಕ ಹಾಕಿ ಸಾಲದ 'ಬಡ್ಡಿ' ಕೇಳುತ್ತಾನೆ. ಅವಳು ಶಾಲೆಯಲ್ಲಿ ಕಲಿತ ಜುಜುತ್ಸು ಪಟ್ಟಿನಿಂದ ಬಿಡಿಸಿಕೊಳ್ಳುತ್ತಾಳೆ. ಆಮೇಲೆ ಮತದ ಹಕ್ಕಿಗಾಗಿ ಹೋರಾಡುವ ಹೆಂಗಸರ ಜೊತೆ ಪಾರ್ಲಿಮೆಂಟಿಗೆ ನುಗ್ಗಿ ಜೈಲು ಸೇರುತ್ತಾಳೆ. ಇಲ್ಲಿ ಒಂದು ಕ್ಷಣ ಗುಂಪಿನ ಬಂಡಾಯ ಇಣುಕುತ್ತದೆ. ಆದರೆ ಜೈಲಿನಲ್ಲಿ ಅವಳಿಗೆ ಅದೂ ತನ್ನ ದಾರಿಯಲ್ಲ ಅನ್ನಿಸುತ್ತದೆ. ಕೊನೆಗೆ, ಆಗಲೇ ಬೇರೊಬ್ಬಳನ್ನು ಮದುವೆಯಾಗಿದ್ದ ತನ್ನ ಪ್ರಯೋಗಾಲಯದ ಮೇಷ್ಟ್ರು ಕೇಪ್ಸ್ ಜೊತೆ ಸ್ವಿಟ್ಜರ್ಲೆಂಡಿಗೆ ಹೊರಟುಹೋಗುತ್ತಾಳೆ.

'ಸ್ಪೆಕ್ಟೇಟರ್' ವಾರಪತ್ರಿಕೆ ಇದನ್ನು ವಿಷದ ಪುಸ್ತಕ ಅಂತ ಕರೆಯಿತು. ಅದೇ ವರ್ಷದ ಕೊನೆಗೆ ದೊಡ್ಡ ಲೈಬ್ರರಿಗಳು ಒಟ್ಟಾಗಿ ಯಾವ ಪುಸ್ತಕ ಇಡಬೇಕು, ಬಿಡಬೇಕು ಅಂತ ತೀರ್ಮಾನಿಸಲು ಒಂದು ಸಂಘ ಕಟ್ಟಿಕೊಂಡವು. ತಮಾಷೆ ಅಂದರೆ ಪುಸ್ತಕದ ಕೊನೆಯ ಅಧ್ಯಾಯ. ಕೆಲವು ವರ್ಷ ಕಳೆದಿದೆ. ಕೇಪ್ಸ್ ಈಗ ಹೆಸರಾದ ನಾಟಕಕಾರ, ಇಬ್ಬರೂ ಮದುವೆಯಾಗಿದ್ದಾರೆ, ಅವಳ ಅಪ್ಪ ಮತ್ತು ಸೋದರತ್ತೆ ಊಟಕ್ಕೆ ಬಂದಿದ್ದಾರೆ. ಮಗಳು ಟೇಬಲ್ಲು ಸರಿಯಾಗಿದೆಯಾ ಅಂತ ಚಿಂತೆ ಮಾಡುತ್ತಿದ್ದಾಳೆ. ಗಂಡ ದುಡಿಯಲು ಶುರು ಮಾಡಿದ ಮೇಲೆ ಎಲ್ಲರೂ ಎಲ್ಲವನ್ನೂ ಕ್ಷಮಿಸಿಬಿಟ್ಟರು. ಇದನ್ನು ಓದಿ ಕೆಲವರು ವೆಲ್ಸ್ ರಾಜಿಯಾದರು ಅನ್ನುತ್ತಾರೆ. ನನಗೆ ಅದು ಲೋಕ ಹೀಗೇ ಅಂತ ತೋರಿಸಿದ ಹಾಗೆ ಕಾಣುತ್ತದೆ.

ದುಡ್ಡಿದ್ದರೆ ಸಾಕು ಅಂತ ತಿಳಿಯುವವರಿಗೆ ಆರ್ನಲ್ಡ್ ಬೆನೆಟ್‌ನ 'ಆನಾ ಆಫ್ ದಿ ಫೈವ್ ಟೌನ್ಸ್' ಇದೆ, 1902ರದ್ದು. ಆನಾಗೆ 21 ತುಂಬಿದ ದಿನ ಜಿಪುಣ ಅಪ್ಪ ಅವಳ ಪಾಲಿನ ಸುಮಾರು 50,000 ಪೌಂಡಿನ ಕಾಗದಪತ್ರ ಕೈಗಿಡುತ್ತಾನೆ. ಅವಳು ಅದನ್ನು ಮುಟ್ಟಲೂ ಹೆದರುತ್ತಾಳೆ. ಇಡೀ ಪುಸ್ತಕದಲ್ಲಿ ಅವಳು ಮಾಡುವ ಬಂಡಾಯ ಒಂದೇ. ಸಾಲಗಾರರ ಮಗನನ್ನು ಉಳಿಸಲು ಅಪ್ಪನ ಮೇಜಿನಿಂದ ಒಂದು ಖೋಟಾ ಸಾಲಪತ್ರ ಕದ್ದು ನಾಶ ಮಾಡುತ್ತಾಳೆ. ಕೈಯಲ್ಲಿ ದುಡ್ಡು, ಮನಸ್ಸಿನಲ್ಲಿ ಅಪ್ಪ.

ಹೊಲಿಗೆ ಬಿಟ್ಟ ಕೊಡೆ

ಇ. ಎಂ. ಫಾರ್ಸ್ಟರ್‌ನ 'ಹೊವರ್ಡ್ಸ್ ಎಂಡ್' 1910ರಲ್ಲಿ ಬಂತು. ಇದರಲ್ಲಿ ಲಿಯೊನಾರ್ಡ್ ಬಾಸ್ಟ್ ಅಂತ ಒಬ್ಬ ಗುಮಾಸ್ತ. ವಿಮಾ ಕಂಪನಿಯಲ್ಲಿ ಕೆಲಸ. ತೀರಾ ಬಡವನಲ್ಲ, ಆದರೆ ಕಾಲಿನ ಕೆಳಗೆ ಒಂದು ಹಲಗೆ ಮಾತ್ರ ಇದೆ, ಅದರಡಿ ಪ್ರಪಾತ. ಬೀಥೋವನ್ ಸಂಗೀತ ಕಚೇರಿಗೆ ದುಡ್ಡು ಕೂಡಿಸಿ ಹೋಗುತ್ತಾನೆ. ಅಲ್ಲಿ ಶ್ರೀಮಂತ ಮನೆಯ ಹೆಲೆನ್ ಮರೆತು ಅವನ ಕೊಡೆ ತೆಗೆದುಕೊಂಡು ಹೋಗುತ್ತಾಳೆ. ಬೀಥೋವನ್ ಎಲ್ಲಿ ಹೋದನೋ, ಲಿಯೊನಾರ್ಡನ ತಲೆಯಲ್ಲಿ ಕೊಡೆ ಮಾತ್ರ. ಅವರ ಮನೆಗೆ ಹುಡುಕಿಕೊಂಡು ಹೋಗುತ್ತಾನೆ. ಹೆಲೆನ್ ಕೊಡೆಗಳ ರಾಶಿ ಕೆದಕಿ ಒಂದನ್ನು ಬಿಡಿಸಿ ನೋಡುತ್ತಾಳೆ. ಹೊಲಿಗೆಯೆಲ್ಲ ಬಿಟ್ಟಿದೆ, ಎಂಥ ದರಿದ್ರ ಕೊಡೆ, ಇದು ನನ್ನದೇ ಇರಬೇಕು ಅನ್ನುತ್ತಾಳೆ. ಅಲ್ಲ. ಅದು ಅವನದು.

ಕ್ಲಾಸ್ ಅಂದರೆ ಏನು ಅಂತ ವಿವರಿಸಲು ಇದಕ್ಕಿಂತ ಚಿಕ್ಕ ದೃಶ್ಯ ನನಗೆ ಗೊತ್ತಿಲ್ಲ. ಶ್ರೀಮಂತರಿಗೆ ಹರಿದ ಕೊಡೆ ತಮಾಷೆ. ಅವನಿಗೆ ಅದು ಮಾನ.

ಹೆಲೆನಳ ಅಕ್ಕ ಮಾರ್ಗರೆಟ್ ಒಂದು ಕಡೆ ಬಿಡಿಸಿ ಹೇಳುತ್ತಾಳೆ. ನಾವೆಲ್ಲ ದುಡ್ಡಿನ ದ್ವೀಪದ ಮೇಲೆ ನಿಂತಿದ್ದೇವೆ, ಅದು ಎಷ್ಟು ಗಟ್ಟಿ ಅಂದರೆ ಕಾಲಡಿ ಇದೆ ಅಂತಲೇ ಮರೆತಿದ್ದೇವೆ. ಅವಳ ದ್ವೀಪ ವರ್ಷಕ್ಕೆ 600 ಪೌಂಡಿನದು, ಆಗಿನ 9,000 ರೂಪಾಯಿ. ಸಮುದ್ರದಲ್ಲಿ ಇರುವವರು ನಮ್ಮ ಹಾಗೆ ಯೋಚಿಸುತ್ತಿಲ್ಲ ಅಂತ ನಾವು ಆಶ್ಚರ್ಯಪಡುತ್ತೇವೆ ಅಂತಲೂ ಅವಳಿಗೆ ಅರಿವಿದೆ.

ಲಿಯೊನಾರ್ಡನ ಬಂಡಾಯ ಒಂದು ರಾತ್ರಿಯದು. ಪುಸ್ತಕಗಳಲ್ಲಿ ಓದಿದ ಹಾಗೆ ರಾತ್ರಿಯಿಡೀ ಕಾಡಿನಲ್ಲಿ ನಡೆದು ಬೆಳಗು ನೋಡುತ್ತಾನೆ. ಅಕ್ಕತಂಗಿಯರು ಆಸೆಯಿಂದ ಕೇಳುತ್ತಾರೆ, ಬೆಳಗು ಅದ್ಭುತವಾಗಿತ್ತಾ? "ಇಲ್ಲ" ಅನ್ನುತ್ತಾನೆ. ಬರೀ ಬೂದು ಬಣ್ಣ, ಸುಸ್ತು, ಹಸಿವು. ಅವರಿಗೆ ಆ "ಇಲ್ಲ" ತುಂಬಾ ಹಿಡಿಸುತ್ತದೆ. ಸಹಾಯ ಮಾಡಲು ಹೋಗಿ ದೊಡ್ಡ ವ್ಯಾಪಾರಿಯೊಬ್ಬನ ಸಲಹೆ ತಂದುಕೊಡುತ್ತಾರೆ: ನಿನ್ನ ಕಂಪನಿ ಮುಳುಗುತ್ತೆ, ಬಿಡು. ಅವನು ಬಿಟ್ಟು ಕಡಿಮೆ ಸಂಬಳಕ್ಕೆ ಬ್ಯಾಂಕು ಸೇರುತ್ತಾನೆ. ಕಂಪನಿ ಮುಳುಗಲಿಲ್ಲ, ಬ್ಯಾಂಕಿನ ಕೆಲಸ ಹೋಯಿತು. ಹೆಲೆನ್ ಪಶ್ಚಾತ್ತಾಪದಿಂದ 5,000 ಪೌಂಡು ಕೊಡಲು ನೋಡುತ್ತಾಳೆ. ಅವನು ಒಲ್ಲೆ ಅನ್ನುತ್ತಾನೆ. ಹೆಲೆನ್ ಅದನ್ನು ಮತ್ತೆ ಷೇರಿಗೆ ಹಾಕುತ್ತಾಳೆ, ಮೊದಲಿಗಿಂತ ಸ್ವಲ್ಪ ಜಾಸ್ತಿ ಶ್ರೀಮಂತಳಾಗುತ್ತಾಳೆ. ಈ ಕೊನೆಯ ವಾಕ್ಯವನ್ನು ಫಾರ್ಸ್ಟರ್ ಸುಮ್ನೆ ಹೋಗುವಾಗ ಹೇಳಿದ ಹಾಗೆ ಹೇಳುತ್ತಾರೆ.

ಲಿಯೊನಾರ್ಡ್ ಸಾಯುವುದು ಪುಸ್ತಕದ ಕಪಾಟು ಮೈಮೇಲೆ ಬಿದ್ದು, ಹೃದಯ ನಿಂತು.

ಒಂದೇ ಮನೆ, ಎರಡು ಇಂಗ್ಲಿಷ್

ಡಿ. ಎಚ್. ಲಾರೆನ್ಸ್ ಹುಟ್ಟಿದ್ದು 1885ರಲ್ಲಿ, ನಾಟಿಂಗ್‌ಹ್ಯಾಮ್ ಹತ್ತಿರದ ಈಸ್ಟ್‌ವುಡ್ ಅನ್ನುವ ಕಲ್ಲಿದ್ದಲ ಊರಿನಲ್ಲಿ. ಅಪ್ಪ ಗಣಿಯವನು, ಆಡುಮಾತಿನವನು. ಅಮ್ಮ ಪುಸ್ತಕದ ಇಂಗ್ಲಿಷಿನವಳು. 1913ರ 'ಸನ್ಸ್ ಅಂಡ್ ಲವರ್ಸ್' ಬಹುಪಾಲು ಆ ಮನೆಯದ್ದೇ ಕತೆ. ಮಕ್ಕಳು ಗಣಿಗೆ ಇಳಿಯಕೂಡದು ಅಂತ ತಾಯಿಯ ಹಟ.

ಒಂದು ಶುಕ್ರವಾರದ ದೃಶ್ಯ ನೋಡಿ. ಪುಟ್ಟ ಪಾಲ್ ಮೊರೆಲ್ ಅಪ್ಪನ ಸಂಬಳ ತರಲು ಗಣಿ ಆಫೀಸಿಗೆ ಹೋಗುತ್ತಾನೆ. ದೊಡ್ಡವರ ಕಾಲುಗಳ ನಡುವೆ ಸಿಕ್ಕಿಕೊಂಡು ಹೆಸರು ಕರೆದದ್ದೂ ಕೇಳಿಸುವುದಿಲ್ಲ. ನಿನಗೆ ಶಾಲೆಯಲ್ಲಿ ಎಣಿಸುವುದು ಕಲಿಸಿಲ್ವಾ ಅಂತ ಅಲ್ಲಿಯವರು ನಗುತ್ತಾರೆ. ಮನೆಗೆ ಬಂದು ಅವನು ಅತ್ತುಕೊಂಡು ಅಮ್ಮನಿಗೆ ಹೇಳುವ ದೂರು ವಿಚಿತ್ರ: ಆ ಗುಮಾಸ್ತರು ಕೀಳು ಜನ, ಒಬ್ಬ 'ಹ' ನುಂಗುತ್ತಾನೆ, ಇನ್ನೊಬ್ಬನಿಗೆ ವ್ಯಾಕರಣ ಬರುವುದಿಲ್ಲ. 'ಹಾಲು' ಅನ್ನಬೇಕಾದಲ್ಲಿ 'ಆಲು' ಅಂದವನನ್ನು ನಮ್ಮಲ್ಲಿ ಹೇಗೆ ನೋಡುತ್ತಾರೆ ಅಂತ ಗೊತ್ತಲ್ಲ, ಇದೂ ಹಾಗೇ. ಆದರೆ ಅವನ ಸ್ವಂತ ಅಪ್ಪನ ಮಾತೂ ಆ ಕಡೆಯದೇ. ಮೇಲಕ್ಕೆ ಹತ್ತಬೇಕಾದರೆ ಅಪ್ಪನ ನಾಲಿಗೆಗೆ ನಾಚಬೇಕು. ಲಾರೆನ್ಸ್‌ನ ಬಂಡಾಯದ ಬೆಲೆ ಪೌಂಡಿನಲ್ಲಿ ಇಲ್ಲ, ಇಲ್ಲಿದೆ. ಪೌಂಡಿನ ಲೆಕ್ಕವೂ ಬೇಕಿದ್ದರೆ, 14ನೇ ವಯಸ್ಸಿಗೆ ಪಾಲ್ ನಾಟಿಂಗ್‌ಹ್ಯಾಮಿನಲ್ಲಿ ಕೃತಕ ಕಾಲು, ಎಲಾಸ್ಟಿಕ್ ಕಾಲುಚೀಲ ಮಾಡುವವರ ಹತ್ತಿರ ಕೆಲಸಕ್ಕೆ ಸೇರುತ್ತಾನೆ. ವಾರಕ್ಕೆ 8 ಶಿಲಿಂಗ್, ಅಂದರೆ 6 ರೂಪಾಯಿ.

ಲಾರೆನ್ಸ್‌ನ ಮುಂದಿನ ಕಾದಂಬರಿ 'ದಿ ರೇನ್‌ಬೋ' 1915ರ ಸೆಪ್ಟೆಂಬರಿನಲ್ಲಿ ಬಂತು, ನವೆಂಬರಿನಲ್ಲಿ ಲಂಡನ್ ನ್ಯಾಯಾಲಯದ ಆಜ್ಞೆಯಿಂದ ನಾಶವಾಯಿತು. ಸಾವಿರಕ್ಕೂ ಹೆಚ್ಚು ಪ್ರತಿಗಳು. ಅಶ್ಲೀಲ ಅನ್ನುವುದು ಕಾರಣ. ಯುದ್ಧದ ಸಮಯ ಬೇರೆ. ಅದರಲ್ಲಿ ಅರ್ಸುಲಾ ಅನ್ನುವ ಹುಡುಗಿ ತನ್ನ ಸೈನಿಕ ಪ್ರೇಮಿಗೆ ನೀನು ಯಾಕಾಗಿ ಹೊಡೆದಾಡುತ್ತೀಯ ಅಂತ ಕೇಳುತ್ತಾಳೆ. ಮುಂದೆ 1960ರಲ್ಲಿ ಅವನ 'ಲೇಡಿ ಚಾಟರ್ಲೀಸ್ ಲವರ್' ಮೇಲೆ ಲಂಡನ್ನಿನಲ್ಲಿ ಮೊಕದ್ದಮೆ ನಡೆದಾಗ ಸರ್ಕಾರಿ ವಕೀಲರು ಜೂರಿಯನ್ನು ಕೇಳಿದ ಪ್ರಶ್ನೆ ಪ್ರಸಿದ್ಧ: ನಿಮ್ಮ ಹೆಂಡತಿಯೋ ಮನೆ ಆಳುಗಳೋ ಈ ಪುಸ್ತಕ ಓದಲಿ ಅಂತ ಬಯಸುತ್ತೀರಾ? ಪುಸ್ತಕದ ಬೆಲೆ ಮೂರೂವರೆ ಶಿಲಿಂಗ್, ಆಳುಗಳೂ ಕೊಳ್ಳಬಹುದಾದಷ್ಟು. ಅಲ್ಲಿ ಪುಸ್ತಕ ಗೆದ್ದಿತು. ನಮ್ಮಲ್ಲಿ ಸೋತಿತು. ಅದನ್ನು ಮಾರಿದ ಮುಂಬಯಿಯ ಪುಸ್ತಕದಂಗಡಿಯವರಿಗೆ ಆಗಿದ್ದ ಶಿಕ್ಷೆಯನ್ನು 1964ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಬ್ರೆಡ್ಡಿನ ಆಟ

ಇಷ್ಟು ಓದಿದ ಮೇಲೆ ಒಂದು ಅನುಮಾನ ಬರಬೇಕು. ಒಬ್ಬೊಬ್ಬರೇ ಓಡಿಹೋದರೆ ಉಳಿದವರ ಗತಿ ಏನು? ಆ ಅನುಮಾನವನ್ನು ಆ ಕಾಲದಲ್ಲೇ ಬರೆದವನು ಮನೆಗಳಿಗೆ ಪೇಂಟ್ ಹೊಡೆಯುವ ಕೆಲಸಗಾರ, ಹೇಸ್ಟಿಂಗ್ಸ್ ಊರಿನಲ್ಲಿದ್ದ ರಾಬರ್ಟ್ ನೂನನ್. ರಾಬರ್ಟ್ ಟ್ರೆಸೆಲ್ ಅನ್ನುವುದು ಅವನ ಕಾವ್ಯನಾಮ. ಪೇಂಟರುಗಳು ಹಲಗೆ ಇಟ್ಟು ನಿಲ್ಲುವ ಕುದುರೆಕಾಲಿನ ಸ್ಟ್ಯಾಂಡಿಗೆ ಇಂಗ್ಲಿಷಿನಲ್ಲಿ ಟ್ರೆಸಲ್ ಅನ್ನುತ್ತಾರೆ. 1911ರಲ್ಲಿ ಲಿವರ್‌ಪೂಲಿನಲ್ಲಿ ಸತ್ತ, ಬಡವರ ಸಾಮೂಹಿಕ ಗೋರಿಯಲ್ಲಿ ಹೂತರು. ಕೈಬರಹದ ಭಾರೀ ಕಟ್ಟು ಮಗಳ ಹತ್ತಿರ ಉಳಿಯಿತು. ಅವಳಿಗೆ ಅದಕ್ಕೆ 25 ಪೌಂಡು ಸಿಕ್ಕಿತು. 'ದಿ ರ್‍ಯಾಗೆಡ್ ಟ್ರೌಸರ್ಡ್ ಫಿಲಾಂತ್ರಪಿಸ್ಟ್ಸ್', ಹರಕು ಪ್ಯಾಂಟಿನ ದಾನಿಗಳು ಅನ್ನೋಣ, 1914ರಲ್ಲಿ ಕತ್ತರಿಸಿದ ರೂಪದಲ್ಲಿ ಬಂತು. ಪೂರ್ತಿ ಪಠ್ಯ ಬರಲು 1955 ಆಯಿತು.

ಇದರಲ್ಲಿ ಓವೆನ್ ಅನ್ನುವ ಪೇಂಟರ್ ಊಟದ ಹೊತ್ತಿನಲ್ಲಿ ಜೊತೆಗಾರರಿಗೆ ಒಂದು ಆಟ ತೋರಿಸುತ್ತಾನೆ. ಉಳಿದ ಬ್ರೆಡ್ಡು ಕಚ್ಚಾ ಮಾಲು. ಮೂರು ಜನರ ಚಾಕುಗಳು ಯಂತ್ರ. ಮೂರು ಅರ್ಧ ಪೆನ್ನಿ ನಾಣ್ಯಗಳು ಮೂರು ಪೌಂಡು. ಎಲ್ಲವೂ ಓವೆನ್‌ನದು, ಅವನು ಧಣಿ. ಮೂವರೂ ಬ್ರೆಡ್ಡು ಕತ್ತರಿಸಿ ತಲಾ ಮೂರು ತುಂಡು ಮಾಡುತ್ತಾರೆ. ಇದು ವಾರದ ಕೆಲಸ, ಕೂಲಿ ಒಂದು ಪೌಂಡು. ತುಂಡೊಂದರ ಬೆಲೆಯೂ ಒಂದು ಪೌಂಡು. ಬದುಕಬೇಕಲ್ಲ, ಮೂವರೂ ಕೂಲಿ ಕೊಟ್ಟು ಒಂದೊಂದು ತುಂಡು ಕೊಂಡು ತಿನ್ನುತ್ತಾರೆ. ಧಣಿಯ ಹತ್ತಿರ ಮೂರೂ ನಾಣ್ಯ ವಾಪಸ್ ಬಂತು, ಮೇಲೆ ಆರು ತುಂಡು. ಇವರ ಕೈಯಲ್ಲಿ ಏನೂ ಇಲ್ಲ. ಮತ್ತೆ ವಾರ ಶುರು. ಕೆಲವು ಸುತ್ತಾದ ಮೇಲೆ ಧಣಿ ಹೇಳುತ್ತಾನೆ: ಗೋದಾಮು ತುಂಬಿದೆ, ಕೆಲಸ ಇಲ್ಲ. ಚಾಕುಗಳನ್ನು ಎತ್ತಿಟ್ಟುಕೊಳ್ಳುತ್ತಾನೆ.

ಮನೆಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಆಡಿ ನೋಡಿ. ಅರ್ಥಶಾಸ್ತ್ರದ ಒಂದು ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಟ್ರೆಸೆಲ್ ಹೇಳುವುದು ಪಾಲಿಗೆ, ಆನ್ ವೆರೋನಿಕಾಗೆ ಪೂರ್ತಿ ಉಲ್ಟಾ: ಒಬ್ಬ ಆಟ ಬಿಟ್ಟು ಎದ್ದರೆ ಆಟ ನಿಲ್ಲುವುದಿಲ್ಲ. ಆದರೆ ಕತೆಯಲ್ಲಿ ಓವೆನ್‌ನ ಜೊತೆಗಾರರು ನಗುತ್ತಾರೆ, ನಂಬುವುದಿಲ್ಲ. ಗುಂಪಿನ ಬಂಡಾಯ ಬೇಕು ಅನ್ನುವವನೂ ಕೊನೆಗೆ ಒಂಟಿಯೇ.

ಡ್ರಾಯರಿನಲ್ಲಿ ಉಳಿದದ್ದು, ಬಾಂಬೆಯಿಂದ ಬಂದದ್ದು

ಕೆಲವು ಬಂಡಾಯಗಳು ಅಚ್ಚಾಗಲೇ ಇಲ್ಲ. ಫಾರ್ಸ್ಟರ್ 1913, 14ರಲ್ಲಿ 'ಮಾರಿಸ್' ಬರೆದರು. ಇಬ್ಬರು ಗಂಡಸರ ಪ್ರೀತಿಯ ಕತೆ, ಅದೂ ಸುಖಾಂತ್ಯ. ಒಬ್ಬ ಮಧ್ಯಮವರ್ಗದವನು, ಇನ್ನೊಬ್ಬ ಎಸ್ಟೇಟಿನ ಕಾಡು ಕಾಯುವವನು. ಒಂದೇ ಏಟಿಗೆ ಕಾನೂನು, ಕ್ಲಾಸ್ ಎರಡನ್ನೂ ಮೀರಿದ ಕತೆ. ಅಂಥ ಪ್ರೀತಿ ಇಂಗ್ಲೆಂಡಿನಲ್ಲಿ 1967ರ ತನಕ ಅಪರಾಧ. ಪುಸ್ತಕ ಹೊರಬಂದದ್ದು ಲೇಖಕರು ತೀರಿಕೊಂಡ ಮೇಲೆ, 1971ರಲ್ಲಿ.

ಇನ್ನು ಕೊನೆಯದು ಕಾದಂಬರಿಯಲ್ಲ, ಆದರೆ ದುಡ್ಡಿನ ವಿಷಯ ಬಂದಾಗ ಬಿಡಲಾಗದು. 1929ರಲ್ಲಿ ವರ್ಜೀನಿಯಾ ವುಲ್ಫ್ 'ಎ ರೂಮ್ ಆಫ್ ಒನ್ಸ್ ಓನ್' ಬರೆದರು. ಹೆಂಗಸು ಕತೆ ಬರೆಯಬೇಕಾದರೆ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ವರ್ಷಕ್ಕೆ 500 ಪೌಂಡು ಬೇಕು ಅನ್ನುವುದು ಅದರ ವಾದ. ಕತೆ ಹೇಳುವವಳಿಗೆ ಆ 500 ಸಿಕ್ಕಿದೆ. ಹೆಂಗಸರಿಗೆ ಮತದ ಹಕ್ಕು ಸಿಕ್ಕ ಸುದ್ದಿಯೂ ಉಯಿಲಿನ ಸುದ್ದಿಯೂ ಹೆಚ್ಚುಕಡಿಮೆ ಒಟ್ಟಿಗೇ ಬಂದವಂತೆ. ಎರಡರಲ್ಲಿ ದುಡ್ಡೇ ದೊಡ್ಡದು ಅನ್ನಿಸಿತು ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾಳೆ. ಆ ದುಡ್ಡು ಬಿಟ್ಟುಹೋದವಳು ಅವಳ ಸೋದರತ್ತೆ. ಗಾಳಿ ಸೇವನೆಗೆ ಕುದುರೆ ಏರಿ ಹೋದಾಗ ಬಿದ್ದು ಸತ್ತಳು. ಎಲ್ಲಿ? ಬಾಂಬೆಯಲ್ಲಿ.

ಇಷ್ಟೆಲ್ಲ ಹೇಳಿ ಫೋನು ಇಡುವಾಗ ಅಕ್ಕನ ಮಗಳು ಕೇಳಿದಳು. "ಮಾಮಾ, ಆ ಬಾಂಬೆ ಅತ್ತೆಗೆ ಅಷ್ಟು ದುಡ್ಡು ಎಲ್ಲಿಂದ ಬಂತು?"

ಪುಸ್ತಕ ಅದನ್ನು ಹೇಳುವುದಿಲ್ಲ ಅಂದೆ.